ಖಾಲಿ ಇದ್ದ ಅಕ್ಕ ನನಗೇಕೆ ಕಾಣಲಿಲ್ಲ?

2024ರ ಏಪ್ರಿಲ್. ನಾಪೋಕ್ಲಿನ ಮೈದಾನದಲ್ಲಿ ಕೊಡವ ಕೌಟುಂಬಿಕ ಹಾಕಿ ಉತ್ಸವ. ನಮ್ಮ ಒಕ್ಕದ ತಂಡ ಮೊದಲ ಸುತ್ತಿನಲ್ಲೇ ಒಂದು ಗೋಲಿನಿಂದ ಸೋತಿತು. ಸೋಲು ಹೊಸದೇನಲ್ಲ. ಆದರೆ ಊರಿಗೆ ವಾಪಸ್ ಹೋಗುವಾಗ ಜೀಪಿನಲ್ಲಿ ದೊಡ್ಡಪ್ಪ ಕೇಳಿದ ಒಂದು ಪ್ರಶ್ನೆಯನ್ನು ಇಂದಿಗೂ ಮರೆತಿಲ್ಲ.

‘ಕೊನೆಯ ಹತ್ತು ನಿಮಿಷ ಬಲಗಡೆ ಯಾರಿದ್ದರು, ಹೇಳು ನೋಡೋಣ?’

ನಾನು ತಂಡದ ಸೆಂಟರ್ ಹಾಫ್. ಅಂದರೆ ಹಿಂದಿನಿಂದ ಬಂದ ಚೆಂಡನ್ನು ಮುಂದಿನವರಿಗೆ ಹಂಚುವವನು. ಬಲಗಡೆ ಯಾರಿದ್ದರು ಎಂಬುದು ನನಗೆ ಗೊತ್ತಿರಲೇಬೇಕಾದ ಸಂಗತಿ. ‘ಅಕ್ಕ ಇದ್ದಳು’ ಎಂದೆ. ರೈಟ್ ಔಟ್ ಆಡುತ್ತಿದ್ದದ್ದು ದೊಡ್ಡಪ್ಪನ ಮಗಳೇ.

‘ಅದು ಚೀಟಿಯಲ್ಲಿ ಬರೆದದ್ದು. ನಾನು ಕೇಳಿದ್ದು ಅದಲ್ಲ. ಅವಳ ಹತ್ತಿರ ಯಾರಿದ್ದರು?’

ನನ್ನ ಬಳಿ ಉತ್ತರ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಶೂ ಲೇಸ್ ಬಿಚ್ಚುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: ‘ಯಾರೂ ಇರಲಿಲ್ಲ ಮಾರಾಯ. ಅರ್ಧ ಮೈದಾನ ನನ್ನೊಬ್ಬಳಿಗೇ ಇತ್ತು.’

ಆ ರಾತ್ರಿ ಚಿಕ್ಕಪ್ಪನ ಮಗ ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ಹಾಕಿ ಕುಳಿತೆ. ಕೊನೆಯ ಹತ್ತು ನಿಮಿಷದಲ್ಲಿ ಚೆಂಡು ನನ್ನ ಸ್ಟಿಕ್ಕಿಗೆ ಒಂಬತ್ತು ಸಲ ಬಂದಿತ್ತು. ಅದರಲ್ಲಿ ಆರು ಸಲ ಅಕ್ಕ ಸ್ಪಷ್ಟವಾಗಿ ಖಾಲಿ ಇದ್ದಳು. ಕೈ ಎತ್ತಿದ್ದಳು, ಕೂಗಿಯೂ ಇದ್ದಳು. ನಾನು ಅವಳಿಗೆ ಕೊಟ್ಟ ಪಾಸುಗಳ ಸಂಖ್ಯೆ ಸೊನ್ನೆ. ಎಡಗಡೆ ಇಬ್ಬರು ಎದುರಾಳಿಗಳ ನಡುವೆ ಸಿಕ್ಕಿಬಿದ್ದಿದ್ದ ಅಣ್ಣನಿಗೆ ಮಾತ್ರ ಐದು ಸಲ ಕೊಟ್ಟಿದ್ದೆ. ಐದೂ ಸಲ ಚೆಂಡು ಕಳೆದುಹೋಗಿತ್ತು.

ಕಣ್ಣೆದುರೇ ಇದ್ದವಳು ಕಾಣದೇ ಹೋದದ್ದು ಹೇಗೆ? ಈ ಪ್ರಶ್ನೆಯ ಹಿಂದೆ ಬಿದ್ದು ಒಂದು ವರ್ಷದಲ್ಲಿ ನಾನು ಕಲಿತದ್ದೇ ಈ ಬರಹ.

ಅಮೆರಿಕದ ಆಟ, ಹಾಸ್ಟೆಲಿನ ಪಾಠ

ಮೊದಲ ಸುಳಿವು ಸಿಕ್ಕಿದ್ದು ಹಾಸ್ಟೆಲಿನಲ್ಲಿ. ನನ್ನ ರೂಮ್‌ಮೇಟ್ ದಾವಣಗೆರೆಯವನು. ಅವನಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆ ಆಟ ನನಗೆ ಮೊದಲು ಕುಸ್ತಿಯಂತೆ ಕಾಣುತ್ತಿತ್ತು. ‘ಬೀಳುವವರನ್ನು ನೋಡಬೇಡ, ಚೆಂಡು ಎಸೆಯುವವನ ತಲೆ ನೋಡು’ ಎಂದ ಅವನು. ಆಮೇಲೆ ಆಟವೇ ಬೇರೆಯಾಗಿ ಕಂಡಿತು.

ಚೆಂಡು ಎಸೆಯುವವನ ಹೆಸರು ಕ್ವಾರ್ಟರ್‌ಬ್ಯಾಕ್. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಎಸೆಯದಿದ್ದರೆ ನೂರಿಪ್ಪತ್ತು ಕೆ.ಜಿ. ತೂಗುವ ಯಾರೋ ಒಬ್ಬ ಬಂದು ಕೆಡವುತ್ತಾನೆ. ಆ ಮೂರು ಸೆಕೆಂಡಿನಲ್ಲಿ ಅವನು ಮೈದಾನವನ್ನೆಲ್ಲ ಹುಡುಕುತ್ತಾನೆಯೇ? ಇಲ್ಲ. ಹುಡುಕುವ ಕೆಲಸ ಚೆಂಡು ಕೈಗೆ ಬರುವ ಮೊದಲೇ ಮುಕ್ಕಾಲು ಪಾಲು ಮುಗಿದಿರುತ್ತದೆ.

ಅವನು ಮೊದಲು ನೋಡುವುದು ತನ್ನವರನ್ನಲ್ಲ, ಎದುರಾಳಿಗಳನ್ನು. ಅವರ ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವರಿಗೆ ಸೇಫ್ಟಿ ಎನ್ನುತ್ತಾರೆ. ಆಳದಲ್ಲಿ ಒಬ್ಬನೇ ನಡುವೆ ನಿಂತಿದ್ದಾನೋ, ಇಬ್ಬರು ಮೈದಾನವನ್ನು ಅರ್ಧರ್ಧ ಹಂಚಿಕೊಂಡಿದ್ದಾರೋ ಎಂಬುದೇ ಮೊದಲ ಸುಳಿವು. ಒಬ್ಬನೇ ಇದ್ದರೆ ಎರಡೂ ಅಂಚುಗಳಲ್ಲಿ ಜಾಗ ಸಿಗಬಹುದು. ಇಬ್ಬರಿದ್ದರೆ ಅವರಿಬ್ಬರ ನಡುವಿನ ಸಂದು ತೆರೆದಿರಬಹುದು.

ಎರಡನೆಯ ಪ್ರಶ್ನೆ: ಎದುರಾಳಿಗಳು ಆಳನ್ನು ಕಾಯುತ್ತಿದ್ದಾರೋ, ಜಾಗವನ್ನು ಕಾಯುತ್ತಿದ್ದಾರೋ? ಇದನ್ನು ತಿಳಿಯಲು ಸರಳ ಉಪಾಯವಿದೆ. ಆಟ ಶುರುವಾಗುವ ಮುನ್ನ ತನ್ನ ಒಬ್ಬ ಆಟಗಾರನನ್ನು ಈ ಬದಿಯಿಂದ ಆ ಬದಿಗೆ ಓಡಿಸುವುದು. ಅವನ ಬೆನ್ನಿಗೇ ಒಬ್ಬ ಎದುರಾಳಿ ಓಡಿಬಂದರೆ ಅದು ಹೆಚ್ಚಾಗಿ ಆಳು ಕಾಯುವ ರಕ್ಷಣೆ. ಯಾರೂ ಹಿಂಬಾಲಿಸದೆ ಎಲ್ಲರೂ ಒಂದೆರಡು ಹೆಜ್ಜೆ ಮಾತ್ರ ಸರಿದುಕೊಂಡರೆ ಅದು ಜಾಗ ಕಾಯುವ ರಕ್ಷಣೆ. ಪ್ರಯೋಗಾಲಯದಲ್ಲಿ ಸರ್ಕ್ಯೂಟಿಗೆ ಒಂದು ಸಣ್ಣ ಸಿಗ್ನಲ್ ಕೊಟ್ಟು ಇನ್ನೊಂದು ತುದಿಯಲ್ಲಿ ಏನು ಬರುತ್ತದೆ ಎಂದು ನಾವು ನೋಡುವುದಿಲ್ಲವೇ, ಹಾಗೆಯೇ ಇದು.

ಮೂರನೆಯದು ಬರೀ ಕೂಡಿಸಿ ಕಳೆಯುವ ಲೆಕ್ಕ. ಎರಡೂ ಕಡೆ ಹನ್ನೊಂದು ಜನ. ಪಾಸ್ ಹಿಡಿಯಲು ಓಡಬಲ್ಲವರು ಐವರು. ಎದುರಾಳಿಗಳಲ್ಲಿ ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬಿದ್ದರೆ ಉಳಿದ ಏಳು ಮಂದಿ ಈ ಐವರನ್ನು ಕಾಯಬಹುದು. ಆರು ಮಂದಿ ಮುಗಿಬಿದ್ದರೆ ಕಾಯಲು ಉಳಿಯುವುದು ಐವರೇ. ಒಬ್ಬ ಎಡವಿದರೂ ಒಬ್ಬ ಆಟಗಾರ ಖಾಲಿ. ಎದುರಾಳಿಗಳು ಎಲ್ಲಿ ಹೆಚ್ಚು ಜನರನ್ನು ಹಾಕುತ್ತಾರೋ ಅಲ್ಲಿಗೆ ಇನ್ನೆಲ್ಲಿಂದಲೋ ತಂದಿರಲೇಬೇಕು. ಕಿರ್ಚಾಫ್ ನಿಯಮ ಓದಿದ ಯಾರಿಗಾದರೂ ಇದು ಅರ್ಥವಾಗುತ್ತದೆ.

ಕೊನೆಯದು ನೋಡುವ ಕ್ರಮ. ಮೊದಲು ಯಾರನ್ನು ನೋಡಬೇಕು, ಅವನು ಮುಚ್ಚಿಹೋಗಿದ್ದರೆ ಎರಡನೆಯವನು ಯಾರು, ಮೂರನೆಯವನು ಯಾರು ಎಂಬುದು ಮೊದಲೇ ನಿಗದಿ. ಯಾರೂ ಇಲ್ಲದಿದ್ದರೆ ಹತ್ತಿರದ ಸುರಕ್ಷಿತ ಪಾಸ್. ಅದೂ ಆಗದಿದ್ದರೆ ಚೆಂಡನ್ನು ಹೊರಗೆಸೆದುಬಿಡುವುದು.

ಇದನ್ನೆಲ್ಲ ರೂಮ್‌ಮೇಟ್ ವಿವರಿಸುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಾಪೋಕ್ಲಿನ ಮೈದಾನ. ನಾನು ಇದರಲ್ಲಿ ಒಂದನ್ನೂ ಮಾಡಿರಲಿಲ್ಲ. ಚೆಂಡು ಬಂದ ಮೇಲೆ ತಲೆ ಎತ್ತುತ್ತಿದ್ದೆ. ಎತ್ತಿದಾಗ ಕಾಣುತ್ತಿದ್ದದ್ದು ಅಭ್ಯಾಸದ ಮುಖ ಒಂದೇ.

ನಮ್ಮ ಆಟದಲ್ಲಿ ಓದುವುದು ಹೇಗೆ?

ಕೊಡಗಿನಲ್ಲಿ ಹಾಕಿ ಎಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಇದ್ದರು. 1980ರಲ್ಲಿ ಮಾಸ್ಕೊದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಭಾರತದ ನಾಯಕರಾಗಿ ಹೋದರು. ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಹೀಗೆ ಪಟ್ಟಿ ಬೆಳೆಯುತ್ತದೆ.

ಆದರೆ ನಮ್ಮಂಥ ಸಾಮಾನ್ಯರ ಹಾಕಿ ಇರುವುದು ಕೌಟುಂಬಿಕ ಉತ್ಸವದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಇದನ್ನು ಶುರು ಮಾಡಿದಾಗ ಬಂದದ್ದು 60 ಕುಟುಂಬಗಳ ತಂಡಗಳು. ಪ್ರತಿ ವರ್ಷ ಒಂದು ಒಕ್ಕ ಉಸ್ತುವಾರಿ ವಹಿಸುತ್ತದೆ, ಕಪ್‌ಗೆ ಆ ಒಕ್ಕದ ಹೆಸರೇ. 2024ರಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಹೆಸರು ಕೊಟ್ಟಿದ್ದವು. ಗಿನ್ನೆಸ್ ದಾಖಲೆಯೂ ಆಯಿತು. ಈ ಉತ್ಸವದ ವಿಶೇಷವೆಂದರೆ ಒಂದೇ ತಂಡದಲ್ಲಿ ಗಂಡಸರು, ಹೆಂಗಸರು, ಶಾಲೆ ಮಕ್ಕಳು, ನಿವೃತ್ತರು ಎಲ್ಲರೂ ಆಡಬಹುದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ದೊಡ್ಡಪ್ಪ ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು. ರೆಜಿಮೆಂಟ್ ತಂಡದಲ್ಲಿ ಅವರೂ ಸೆಂಟರ್ ಹಾಫ್. ಕ್ವಾರ್ಟರ್‌ಬ್ಯಾಕ್ ಕತೆ ಹೇಳಿದಾಗ ಅವರು ನಕ್ಕರು. ‘ನಾವು ಹೆಸರಿಡದೆ ಮಾಡುತ್ತಿದ್ದೆವು, ಅವರು ಹೆಸರಿಟ್ಟು ಮಾಡುತ್ತಾರೆ’ ಎಂದವರೇ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿದರು.

ಹಾಕಿಯಲ್ಲಿ ಆಟ ಹೆಚ್ಚು ನಿಲ್ಲುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಪ್ರತಿ ಎಸೆತಕ್ಕೂ ಮೊದಲು ಯೋಚಿಸಲು ಬಿಡುವಿದೆ, ಹೆಲ್ಮೆಟ್ಟಿನೊಳಗಿನ ಸ್ಪೀಕರ್‌ನಲ್ಲಿ ಕೋಚ್ ಮಾತೂ ಕೇಳಿಸುತ್ತದೆ. ನಮಗೆ ಆ ಸವಲತ್ತು ಇಲ್ಲ. ಆದರೆ ಒಂದು ಗಳಿಗೆ ಸಿಗುತ್ತದೆ. ಎದುರಾಳಿ ಹೊಡೆದ ಚೆಂಡು ನಮ್ಮ ಹಿಂದಿನ ಗೆರೆ ದಾಟಿ ಹೋದಾಗ ನಮ್ಮ ಫುಲ್‌ಬ್ಯಾಕ್ ಮತ್ತೆ ಆಟ ಶುರು ಮಾಡಬೇಕು. ಆಗ ಎದುರಾಳಿಗಳು ತಮ್ಮ ಸಾಲು ಕಟ್ಟುತ್ತಾರೆ. ಇದನ್ನು ಪ್ರೆಸ್ ಎನ್ನುತ್ತಾರೆ. ಓದಬೇಕಾದದ್ದು ಅದನ್ನೇ.

ಅವರ ಮೊದಲ ಸಾಲು ನಮ್ಮ 23 ಮೀಟರ್ ಗೆರೆಯವರೆಗೂ ಬಂದು ನಿಂತರೆ ಅದು ಫುಲ್ ಪ್ರೆಸ್. ಉಸಿರುಗಟ್ಟಿದಂತೆ ಅನ್ನಿಸುತ್ತದೆ. ಆದರೆ ಲೆಕ್ಕ ಮರೆಯಬಾರದು. ಮುಂದೆ ಐದಾರು ಜನ ಬಂದಿದ್ದಾರೆ ಎಂದರೆ ಅವರ ಬೆನ್ನ ಹಿಂದೆ ಜಾಗ ಬಿದ್ದಿದೆ. ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್. ಗೋಲ್‌ಕೀಪರ್ ಬಿಟ್ಟರೆ ಹತ್ತು ಜನ ಇಷ್ಟು ಜಾಗವನ್ನು ಒಟ್ಟಿಗೆ ಮುಚ್ಚಲಾರರು. ಮೊದಲು ಆಫ್‌ಸೈಡ್ ನಿಯಮವಿದ್ದಾಗ ನಮ್ಮ ಫಾರ್ವರ್ಡ್‌ಗಳು ಅವರ ಬೆನ್ನ ಹಿಂದೆ ಹೋಗಿ ಕಾಯುವಂತಿರಲಿಲ್ಲ. 1990ರ ದಶಕದ ಉತ್ತರಾರ್ಧದಲ್ಲಿ ಹಾಕಿಯಿಂದ ಆ ನಿಯಮವೇ ಹೋಯಿತು. ಈಗ ಒಬ್ಬ ಫಾರ್ವರ್ಡ್ ದೂರದಲ್ಲಿ ನಿಂತು ಮೈದಾನವನ್ನು ಉದ್ದಕ್ಕೆ ಎಳೆದಿಡಬಹುದು. ತಲೆ ಮೇಲಿಂದ ಹೋಗುವ ಸ್ಕೂಪ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ಅವರು ನಡುಗೆರೆಯ ಹತ್ತಿರವೇ ಕಾಯುತ್ತ ನಿಂತರೆ ಅದು ಹಾಫ್ ಪ್ರೆಸ್. ಆಗ ಜಾಗ ಇರುವುದು ನಮ್ಮ ಮುಂದೆ, ಅವರ ಹಿಂದೆ ಅಲ್ಲ. ಇಲ್ಲಿ ಅವಸರ ಮಾಡಿದವನು ಕೆಟ್ಟ. ಫುಲ್‌ಬ್ಯಾಕ್‌ನಿಂದ ಫುಲ್‌ಬ್ಯಾಕ್‌ಗೆ ಚೆಂಡನ್ನು ಅಡ್ಡಡ್ಡ ಆಡಿಸುತ್ತಿದ್ದರೆ ಅವರ ಸಾಲೂ ಅಡ್ಡಡ್ಡ ಸರಿಯುತ್ತದೆ. ಎಲ್ಲರೂ ಒಂದೇ ವೇಗದಲ್ಲಿ ಸರಿಯುವುದಿಲ್ಲ. ಯಾರೋ ಒಬ್ಬ ಒಂದು ಹೆಜ್ಜೆ ತಡ ಮಾಡುತ್ತಾನೆ. ಆ ಸಂದೇ ನಮಗೆ ಬೇಕಾದದ್ದು.

ಆಳು ಕಾಯುತ್ತಿದ್ದಾರೋ, ಜಾಗ ಕಾಯುತ್ತಿದ್ದಾರೋ ಎಂದು ತಿಳಿಯಲು ನಮ್ಮಲ್ಲೂ ಅದೇ ಉಪಾಯ. ರೈಟ್ ಇನ್ ಆಡುವವನು ಓರೆಯಾಗಿ ಎಡಕ್ಕೆ ಓಡಲಿ. ಅವನ ಮಾರ್ಕರ್ ಜೊತೆಗೇ ಓಡಿದರೆ ಅವನು ಬಿಟ್ಟುಹೋದ ಜಾಗ ಖಾಲಿ, ಇನ್ನೊಬ್ಬ ಅಲ್ಲಿಗೆ ನುಗ್ಗಬಹುದು. ಮಾರ್ಕರ್ ಬೇರೆಯವನಿಗೆ ಒಪ್ಪಿಸಿ ತಾನು ನಿಂತರೆ ಅವರಿಬ್ಬರ ಗಡಿಯೇ ಪಾಸಿನ ದಾರಿ. ‘ನೀನು ನೋಡು ಎಂದು ಅವನು, ನೀನು ನೋಡು ಎಂದು ಇವನು. ಬೇಲಿ ಯಾರದ್ದು ಎಂದು ಗೊತ್ತಿಲ್ಲದ ಕಡೆಯಿಂದಲೇ ದನ ತೋಟಕ್ಕೆ ನುಗ್ಗುವುದು’ ಎಂದರು ದೊಡ್ಡಪ್ಪ.

ಸ್ಟಿಕ್ಕಿನ ಗುಟ್ಟು

ಅಮೆರಿಕದ ಆಟದಲ್ಲಿ ಇಲ್ಲದ ಒಂದು ಸಂಗತಿ ಹಾಕಿಯಲ್ಲಿದೆ. ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಎಲ್ಲರೂ ಬಲಗೈ ಸ್ಟಿಕ್ಕಿನಲ್ಲೇ ಆಡಬೇಕು, ಚೆಂಡನ್ನು ಚಪ್ಪಟೆ ಬದಿಯಿಂದಲೇ ಆಡಬೇಕು. ಹಾಗಾಗಿ ಪ್ರತಿ ಆಟಗಾರನಿಗೂ ಬಲಬದಿ ಗಟ್ಟಿ, ಎಡಬದಿ ಸ್ವಲ್ಪ ದುರ್ಬಲ. ಎಡಗಡೆಯ ಚೆಂಡಿಗೆ ಸ್ಟಿಕ್ ತಿರುಗಿಸಿ ಚಾಚಬೇಕು.

ಎದುರು ನಿಂತವನ ಎಡ ಎಂದರೆ ನನ್ನ ಬಲ. ಅಂದರೆ ಅವನನ್ನು ದಾಟಿಸಿ ಪಾಸ್ ಕೊಡಲು ನನ್ನ ಬಲಬದಿಯ ದಾರಿಯೇ ಹೆಚ್ಚು ಸುರಕ್ಷಿತ. ರೈಟ್ ಔಟ್ ಆಟಗಾರರು ಹಾಕಿಯಲ್ಲಿ ಅಷ್ಟು ಅಪಾಯಕಾರಿ ಆಗುವುದಕ್ಕೆ ಇದೂ ಒಂದು ಕಾರಣ. ಸೋಮವಾರಪೇಟೆಯ ಸುನಿಲ್ ಬಲ ಅಂಚಿನಲ್ಲಿ ಓಡಿದರೆ ಎದುರಾಳಿ ತನ್ನ ದುರ್ಬಲ ಬದಿಯಲ್ಲಿ ಅವರನ್ನು ತಡೆಯಬೇಕಾಗುತ್ತಿತ್ತು.

ಆದರೆ ಇಲ್ಲೊಂದು ತೊಡಕಿದೆ. ಬಲಗೈ ಸ್ಟಿಕ್ಕಿನಿಂದ ಎಡಕ್ಕೆ ತಳ್ಳುವುದು ಸುಲಭ, ಕೈ ತಾನಾಗಿ ಆ ಕಡೆ ಬೀಸುತ್ತದೆ. ಬಲಕ್ಕೆ ಕೊಡಬೇಕಾದರೆ ಕಾಲು ತಿರುಗಿಸಿ, ಚೆಂಡನ್ನು ಬಲಗಾಲಿನ ಪಕ್ಕಕ್ಕೆ ತಂದುಕೊಂಡು, ಭುಜ ಹೊರಳಿಸಬೇಕು. ಅರ್ಧ ಸೆಕೆಂಡು ಹೆಚ್ಚು ಬೇಕು. ಚೆಂಡು ಬರುವ ಮೊದಲೇ ಬಲಕ್ಕೆ ಕೊಡಬೇಕೆಂದು ನಿರ್ಧರಿಸಿದ್ದರೆ ಮಾತ್ರ ಆ ಅರ್ಧ ಸೆಕೆಂಡು ಸಿಗುತ್ತದೆ. ಚೆಂಡು ಬಂದ ಮೇಲೆ ಯೋಚಿಸುವವನ ಪಾಸು ಯಾವಾಗಲೂ ಎಡಕ್ಕೇ ಹೋಗುತ್ತದೆ.

ವಿಡಿಯೊದಲ್ಲಿ ನಾನು ಐದು ಸಲ ಎಡಕ್ಕೇ ಕೊಟ್ಟದ್ದು ಏಕೆಂದು ಆಗ ಗೊತ್ತಾಯಿತು. ಸಮಾಧಾನವೂ ಆಯಿತು. ತಪ್ಪು ಕೈಯದ್ದು, ಮನಸ್ಸಿನದ್ದಲ್ಲ ಎಂದುಕೊಂಡೆ. ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ.

ಕಾಫಿ ಕಣದಲ್ಲಿ ಬೆರಳೆಣಿಕೆ

ಮೇ ತಿಂಗಳಲ್ಲಿ ಕಾಫಿ ಒಣಗಿಸುವ ಕಣ ಖಾಲಿ ಇರುತ್ತದೆ. ದೊಡ್ಡಪ್ಪ ಅಲ್ಲೇ ನನಗೆ ಪಾಠ ಶುರು ಮಾಡಿದರು. ತಮ್ಮ ಚೆಂಡು ತಳ್ಳುತ್ತಾನೆ. ದೊಡ್ಡಪ್ಪ ನನ್ನ ಬೆನ್ನ ಹಿಂದೆ ನಿಂತು ಬೆರಳು ತೋರಿಸುತ್ತಾರೆ. ಚೆಂಡು ನನ್ನ ಸ್ಟಿಕ್ಕಿಗೆ ತಾಗುವ ಮೊದಲು ಹಿಂದೆ ತಿರುಗಿ ನೋಡಿ ಎಷ್ಟು ಬೆರಳು ಎಂದು ಕೂಗಬೇಕು. ಅಷ್ಟೇ.

ಮೊದಲ ದಿನ ಬೆರಳು ನೋಡಿದರೆ ಚೆಂಡು ಕಾಲಿಗೆ ಬಡಿಯುತ್ತಿತ್ತು, ಚೆಂಡು ನೋಡಿದರೆ ಬೆರಳು ತಪ್ಪುತ್ತಿತ್ತು. ವಾರದ ಹೊತ್ತಿಗೆ ಒಂದು ಸಂಗತಿ ಹೊಳೆಯಿತು. ಚೆಂಡು ಹೊರಟ ಮೊದಲ ಗಳಿಗೆಯಲ್ಲೇ ಅದು ಎಲ್ಲಿಗೆ ಬರುತ್ತದೆಂದು ಗೊತ್ತಾಗಿಬಿಡುತ್ತದೆ. ಆಮೇಲೆ ಅದನ್ನೇ ದಿಟ್ಟಿಸುತ್ತಿರುವುದು ಬರೀ ಹೆದರಿಕೆ. ಆ ನಡುವಿನ ಸಮಯ ನಮ್ಮದೇ.

ಇದರಲ್ಲೂ ಮೈದಾನದ ಪಾತ್ರವಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಹಾಕಿ ಆಡಿದಾಗ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಟರ್ಫ್ ಮೇಲೆ ಚೆಂಡು ನೇರವಾಗಿ ಬರುತ್ತದೆ, ನಂಬಿ ತಲೆ ಎತ್ತಬಹುದು. ಹುಲ್ಲಿನ ಮೈದಾನದಲ್ಲಿ ಒಂದು ಸಣ್ಣ ಗುಂಡಿ ಸಾಕು, ಚೆಂಡು ಮೊಣಕಾಲಿಗೆ ಹಾರುತ್ತದೆ. ಹಾಗಾಗಿ ನಮ್ಮಂಥವರ ಕಣ್ಣು ನೆಲಕ್ಕೇ ಅಂಟಿಕೊಂಡಿರುತ್ತದೆ. ‘ಮೈದಾನ ಸರಿಯಿಲ್ಲ ಎಂದರೆ ಇನ್ನೂ ಬೇಗ ನೋಡಬೇಕು. ಕಡಿಮೆ ನೋಡುವುದಕ್ಕೆ ಅದು ನೆಪ ಅಲ್ಲ’ ಎಂಬುದು ದೊಡ್ಡಪ್ಪನ ವಾದ.

ಎರಡನೆಯ ಪಾಠ ನೋಡುವ ಕ್ರಮದ್ದು. ದೂರ, ನಡು, ಹತ್ತಿರ. ದೂರದ ದಾರಿ ಬೇಗ ಮುಚ್ಚಿಹೋಗುತ್ತದೆ, ಅದನ್ನು ಮೊದಲು ನೋಡು. ಹತ್ತಿರದ ಬ್ಯಾಕ್ ಪಾಸ್ ಎಲ್ಲಿಗೂ ಹೋಗುವುದಿಲ್ಲ, ಅದು ಕೊನೆಗೆ. ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಆಯ್ಕೆಗಳು ಹೆಚ್ಚಾದಂತೆ ಮನುಷ್ಯ ಪ್ರತಿಕ್ರಿಯಿಸಲು ತೆಗೆದುಕೊಳ್ಳುವ ಸಮಯವೂ ಹೆಚ್ಚುತ್ತದೆ ಎಂದು ಹಿಕ್ ಎಂಬ ವಿಜ್ಞಾನಿ 1952ರಲ್ಲೇ ತೋರಿಸಿದ್ದರು. ಒಂಬತ್ತು ಜೊತೆಗಾರರಲ್ಲಿ ಒಬ್ಬನನ್ನು ಆರಿಸುವುದು ನಿಧಾನ. ‘ಇವನು ಇದ್ದಾನೋ, ಇಲ್ಲವೋ’ ಎಂದು ಒಂದೊಂದಾಗಿ ಕೇಳಿಕೊಂಡು ಹೋಗುವುದು ಬೇಗ.

ಅನುಭವಿಗಳಿಗೆ ಇದೆಲ್ಲ ಒಂದೇ ನೋಟದಲ್ಲಿ ಕಾಣುವುದೇಕೆ? 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಚೆಸ್ ಆಟಗಾರರಿಗೆ ಕೆಲವೇ ಸೆಕೆಂಡು ಹಲಗೆ ತೋರಿಸಿ, ಕಾಯಿಗಳನ್ನು ನೆನಪಿನಿಂದ ಜೋಡಿಸಲು ಹೇಳಿದರು. ನಿಜವಾದ ಆಟದ ಹಲಗೆಯಾದರೆ ಪಳಗಿದವರು ಹೊಸಬರಿಗಿಂತ ಬಹಳ ಮುಂದಿದ್ದರು. ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದಾಗ ಆ ಅಂತರ ಹೆಚ್ಚುಕಡಿಮೆ ಮಾಯವಾಯಿತು. ಅಂದರೆ ಅವರ ಕಣ್ಣಾಗಲಿ ನೆನಪಾಗಲಿ ವಿಶೇಷವಲ್ಲ. ಅವರು ಒಂದೊಂದೇ ಕಾಯಿ ನೋಡುವ ಬದಲು ಕಾಯಿಗಳ ಗುಂಪನ್ನು ಒಂದೇ ಪದದಂತೆ ಓದುತ್ತಾರೆ. ಅಕ್ಷರ ಕೂಡಿಸಿ ಓದುವ ಒಂದನೇ ಕ್ಲಾಸಿನ ಮಗುವಿಗೂ ಪತ್ರಿಕೆ ಓದುವ ನಮಗೂ ಇರುವ ವ್ಯತ್ಯಾಸ ಇದೇ.

ನಮ್ಮನ್ನೂ ಓದುತ್ತಾರೆ

ಕ್ವಾರ್ಟರ್‌ಬ್ಯಾಕ್ ಎದುರಾಳಿಗಳನ್ನು ಓದುವಂತೆ ಎದುರಾಳಿಗಳೂ ಅವನನ್ನು ಓದುತ್ತಾರೆ. ಮೊದಲು ಇಬ್ಬರು ಸೇಫ್ಟಿಗಳನ್ನು ಆಳದಲ್ಲಿ ನಿಲ್ಲಿಸಿ, ಚೆಂಡು ಕದಲಿದ ತಕ್ಷಣ ಒಬ್ಬನನ್ನು ಮುಂದಕ್ಕೆ ಓಡಿಸಿ ಮೋಸ ಮಾಡುತ್ತಾರೆ. ಅವನ ಕಣ್ಣು ಎತ್ತ ತಿರುಗುತ್ತದೋ ಅತ್ತ ಓಡುತ್ತಾರೆ. ಅದಕ್ಕೇ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಎಡಕ್ಕೆ ನೋಡಿ ಬಲಕ್ಕೆ ಎಸೆಯುತ್ತಾನೆ. ಹಾಕಿಯಲ್ಲೂ ಎದುರಾಳಿ ಒಂದು ದಾರಿಯನ್ನು ಬೇಕೆಂದೇ ತೆರೆದಿಟ್ಟು, ಪಾಸ್ ಹೊರಟ ಕೂಡಲೇ ಅಡ್ಡ ಹಾರುವುದುಂಟು. ಆದ್ದರಿಂದ ಯಾರು ಖಾಲಿ ಇದ್ದಾರೆ ಎಂಬುದರ ಜೊತೆಗೆ ಏಕೆ ಖಾಲಿ ಇದ್ದಾರೆ ಎಂದೂ ಕೇಳಬೇಕು.

ಒಂದು ಸಂಜೆ ಈ ಮಾತು ಬಂದಾಗ ನಾನು ಬುದ್ಧಿವಂತಿಕೆ ತೋರಿಸಲು ಹೋದೆ. ‘ಹಾಗಾದರೆ ಅಕ್ಕನನ್ನು ಅವರು ಬೇಕೆಂದೇ ಖಾಲಿ ಬಿಟ್ಟಿದ್ದರೇನೋ, ಬಲೆ ಇರಬಹುದು’ ಎಂದೆ.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೇಕೆಂದೇ ಬಿಟ್ಟಿದ್ದರು, ನಿಜ. ಮೊದಲ ಹತ್ತು ನಿಮಿಷ ಒಬ್ಬ ಅವಳ ಜೊತೆಗೇ ಇದ್ದ. ಆಮೇಲೆ ಅವನನ್ನು ತೆಗೆದು ನಿನ್ನ ಅಣ್ಣನ ಮೇಲೆ ಹಾಕಿದರು. ಏಕೆ ಗೊತ್ತಾ? ಅವಳು ಆಡುವುದಿಲ್ಲ ಎಂದಲ್ಲ. ನೀನು ಅವಳಿಗೆ ಕೊಡುವುದಿಲ್ಲ ಎಂದು ಅವರು ಓದಿಕೊಂಡಿದ್ದರು.’

ಅಲ್ಲಿಗೆ ನನ್ನ ಸ್ಟಿಕ್ಕಿನ ವಾದ, ಅರ್ಧ ಸೆಕೆಂಡಿನ ವಾದ ಎಲ್ಲ ಮುಗಿದವು. ರೂಮಿಗೆ ಹೋಗಿ ಮತ್ತೆ ವಿಡಿಯೊ ನೋಡಿದೆ, ಈ ಸಲ ಮೊದಲಿನಿಂದ. ಮೊದಲ ಅರ್ಧದಲ್ಲಿ ಅದೇ ಬಲಗಡೆಗೆ ನಾನು ಮೂರು ಸಲ ಪಾಸ್ ಕೊಟ್ಟಿದ್ದೆ. ಕಾಲು ತಿರುಗಿಸಿ, ಭುಜ ಹೊರಳಿಸಿ, ಚೆನ್ನಾಗಿಯೇ ಕೊಟ್ಟಿದ್ದೆ. ಆಗ ರೈಟ್ ಔಟ್ ಜಾಗದಲ್ಲಿದ್ದವನು ಚಿಕ್ಕಪ್ಪನ ಮಗ. ಅವನಿಗೆ ಸುಸ್ತಾಗಿ ಹೊರಬಂದ ಮೇಲೆ ಅಕ್ಕ ಹೋಗಿದ್ದಳು. ಅಂದರೆ ನನ್ನ ಕೈಗೆ ಬಲಕ್ಕೆ ಕೊಡಲು ಬರುತ್ತಿತ್ತು. ಕೊಡಲಿಲ್ಲ, ಅಷ್ಟೇ.

ಅಕ್ಕ ಕಾಲೇಜು ತಂಡದಲ್ಲಿ ನಾಲ್ಕು ವರ್ಷ ಆಡಿದವಳು. ಟ್ರ್ಯಾಪಿಂಗ್ ನನಗಿಂತ ಚೆನ್ನಾಗಿದೆ. ‘ಹುಡುಗಿಗೆ ಪಾಸ್ ಕೊಡಬಾರದು’ ಎಂದು ನಾನು ಯಾವತ್ತೂ ಅಂದುಕೊಂಡವನಲ್ಲ. ಯಾರಾದರೂ ಹಾಗೆಂದರೆ ಜಗಳಕ್ಕೇ ಹೋಗುತ್ತಿದ್ದೆ. ನಮ್ಮ ಉತ್ಸವದಲ್ಲಿ ಹೆಂಗಸರೂ ಆಡುತ್ತಾರೆ ಎಂದು ಹಾಸ್ಟೆಲಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡವನೂ ನಾನೇ. ಆದರೆ ತಂಡದ ಚೀಟಿಯಲ್ಲಿ ಜಾಗ ಕೊಟ್ಟದ್ದೇ ಬೇರೆ, ಚೆಂಡು ಕೊಡುವುದೇ ಬೇರೆ. ನನ್ನ ನೋಡುವ ಕ್ರಮದಲ್ಲಿ ಅಕ್ಕನ ಹೆಸರೇ ಇರಲಿಲ್ಲ. ಕ್ರಮದಲ್ಲಿ ಇಲ್ಲದವರು ಎದುರಿಗೆ ನಿಂತು ಕೈ ಎತ್ತಿದರೂ ಕಾಣುವುದಿಲ್ಲ. ಇದನ್ನು ನಾನು ನನ್ನ ಕಣ್ಣಾರೆ ನೋಡಿಕೊಂಡಿದ್ದೇನೆ.

ಆಮೇಲೆ ಇದು ಬೇರೆ ಕಡೆಯೂ ಕಾಣತೊಡಗಿತು. ಕಾಲೇಜಿನ ಪ್ರಾಜೆಕ್ಟ್ ಗುಂಪಿನಲ್ಲಿ ನಾವು ನಾಲ್ವರು. ಕೆಲಸ ಹಂಚುವಾಗ ನಾನು ಸದಾ ನೋಡುತ್ತಿದ್ದದ್ದು ಜೋರಾಗಿ ಮಾತಾಡುವ ಇಬ್ಬರ ಮುಖ. ನಾಲ್ಕನೆಯವನು ಎರಡು ವಾರದಿಂದ ಕೋಡ್ ಬರೆದಿಟ್ಟುಕೊಂಡು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ. ಕ್ಯಾಂಪಸ್ ಆಯ್ಕೆಗೆ ನಡೆಯುವ ಗುಂಪು ಚರ್ಚೆಗಳ ಅಭ್ಯಾಸದಲ್ಲೂ ಅಷ್ಟೆ. ಬಾಯಿ ತೆರೆದು ಅವಕಾಶ ಸಿಗದೆ ಮುಚ್ಚಿಕೊಳ್ಳುವ ಒಬ್ಬರಾದರೂ ಇರುತ್ತಾರೆ. ನೀವೂ ಒಮ್ಮೆ ಗಮನಿಸಿ.

2025, ಮಡಿಕೇರಿ

ಮರುವರ್ಷ ಮಡಿಕೇರಿಯಲ್ಲಿ ಮುದ್ದಂಡ ಕಪ್. ಉತ್ಸವಕ್ಕೆ ಅದು ಬೆಳ್ಳಿಹಬ್ಬದ ವರ್ಷ, 396 ತಂಡಗಳು. ಮೊದಲ ಸುತ್ತಿನ ಪಂದ್ಯಕ್ಕೆ ಅಕ್ಕ ಆರಂಭದಿಂದಲೇ ರೈಟ್ ಔಟ್.

ಐದನೇ ನಿಮಿಷ. ಫುಲ್‌ಬ್ಯಾಕ್ ಚೆಂಡು ತಳ್ಳಿದ. ಅದು ಹೊರಟ ಕೂಡಲೇ ನಾನು ಭುಜದ ಮೇಲಿಂದ ನೋಡಿದೆ. ದೂರ: ಮುಚ್ಚಿದೆ. ನಡು: ಇಬ್ಬರು. ಬಲ: ಅಕ್ಕ, ಅವಳ ಮಾರ್ಕರ್ ನಾಲ್ಕು ಹೆಜ್ಜೆ ಒಳಗೆ. ಕಾಲು ಮೊದಲೇ ತಿರುಗಿಸಿಟ್ಟಿದ್ದೆ. ಪಾಸ್ ಕೊಟ್ಟೆ, ಎದುರಾಳಿಯ ಎಡಬದಿಯಿಂದ ನೇರವಾಗಿ ಹೋಯಿತು.

ಅಕ್ಕ ಟ್ರ್ಯಾಪ್ ತಪ್ಪಿದಳು. ಚೆಂಡು ಸ್ಟಿಕ್ ಕೆಳಗಿಂದ ನುಸುಳಿ ಗೆರೆ ದಾಟಿತು. ಗ್ಯಾಲರಿಯಲ್ಲಿ ಯಾರೋ ನಕ್ಕರು.

ಇಡೀ ವರ್ಷದ ಪಾಠಕ್ಕೆ ಪರೀಕ್ಷೆ ಇದೇ ಎಂದು ನನಗೆ ಆಗಲೇ ಅನ್ನಿಸಿತು. ಅಣ್ಣ ಟ್ರ್ಯಾಪ್ ತಪ್ಪಿದಾಗ ನಾನು ‘ಪರವಾಗಿಲ್ಲ’ ಎಂದು ಮುಂದಿನ ಚೆಂಡನ್ನೂ ಅವನಿಗೇ ಕೊಡುತ್ತೇನೆ. ಅಕ್ಕ ಒಮ್ಮೆ ತಪ್ಪಿದರೆ? ಎರಡು ನಿಮಿಷದ ಬಳಿಕ ಚೆಂಡು ಮತ್ತೆ ನನ್ನ ಬಳಿ ಬಂತು. ಮಾರ್ಕರ್ ಈಗ ಇನ್ನೂ ಒಳಗೆ ಸರಿದಿದ್ದ, ಇನ್ನು ಇವಳಿಗೆ ಯಾರೂ ಕೊಡುವುದಿಲ್ಲ ಎಂದುಕೊಂಡಿರಬೇಕು. ನಾನು ಮತ್ತೆ ಅವಳಿಗೇ ಕೊಟ್ಟೆ.

ಈ ಸಲ ಅವಳು ಹಿಡಿದಳು. ಅಂಚಿನಲ್ಲೇ ಓಡಿ, ಡಿ ವೃತ್ತದ ಹತ್ತಿರ ಹೋಗಿ ಒಳಕ್ಕೆ ಹೊಡೆದಳು. ಎದುರಾಳಿಯ ಕಾಲಿಗೆ ತಾಗಿ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲೇನೂ ಆಗಲಿಲ್ಲ. ಆದರೆ ಅಂದಿನಿಂದ ಅವರು ಒಬ್ಬನನ್ನು ಪೂರ್ತಿ ಅವಳ ಮೇಲೆ ಹಾಕಬೇಕಾಯಿತು. ಆ ಒಬ್ಬ ಬಂದದ್ದು ಅಣ್ಣನನ್ನು ಕಾಯುತ್ತಿದ್ದ ಇಬ್ಬರಲ್ಲಿ. ಎರಡನೇ ಅರ್ಧದಲ್ಲಿ ಅಣ್ಣ ಎರಡು ಗೋಲು ಹೊಡೆದ. ಹನ್ನೊಂದರ ಲೆಕ್ಕ ತಪ್ಪಲಿಲ್ಲ.

ಆ ಪಂದ್ಯ ಗೆದ್ದೆವು, ಮುಂದಿನ ಸುತ್ತಿನಲ್ಲಿ ನಮಗಿಂತ ಒಳ್ಳೆಯ ತಂಡದ ಎದುರು ಸೋತೆವು. ವಾಪಸ್ ಬರುವಾಗ ಜೀಪಿನಲ್ಲಿ ದೊಡ್ಡಪ್ಪ ಈ ಸಲವೂ ಪ್ರಶ್ನೆ ಕೇಳಿದರು. ಎಡಗಡೆ ಕೊನೆಯಲ್ಲಿ ಯಾರಿದ್ದರು, ಅವನ ಹತ್ತಿರ ಯಾರಿದ್ದರು ಎಂದು. ಎಡಗಡೆ ಇದ್ದವನು ಒಂಬತ್ತನೇ ತರಗತಿಯ ತಮ್ಮ. ಅವನ ಹತ್ತಿರ ಯಾರಿದ್ದರೆಂದು ನನಗೆ ನೆನಪಾಗಲಿಲ್ಲ.

ಅಕ್ಕ ಹಿಂದಿನ ಸೀಟಿನಿಂದ ನಕ್ಕಳು. ಈ ಮೇ ತಿಂಗಳಲ್ಲೂ ಕಣ ಖಾಲಿ ಇರುತ್ತದೆ.